ಸುಮತಕ್ಕನ ಗೃಹಪ್ರವೇಶಕ್ಕೆ ಡ್ರೋನ್ ಬೇಕಾ? ‘ಹಳೇಮನೆ ಬಳಗ’ ವಾಟ್ಸಾಪ್ ಗುಂಪಿನ ಜಟಾಪಟಿ

ಚಿಕ್ಕಪ್ಪ (ಫಾರ್ವರ್ಡ್): ಸಿಹಿಸುದ್ದಿ!! 250 ಗ್ರಾಂ ಒಳಗಿನ ಡ್ರೋನ್‌ಗೆ ಲೈಸೆನ್ಸೂ ಬೇಡ, ಯಾವ ರೂಲ್ಸೂ ಇಲ್ಲ. ಎಲ್ಲಿ ಬೇಕಾದ್ರೂ ಹಾರಿಸಿ. ಎಲ್ಲರಿಗೂ ಕಳಿಸಿ.

ಚಿಕ್ಕಪ್ಪ: ನಮ್ಮ ರವೀದು 249 ಗ್ರಾಂ. ಭಾನುವಾರ ಸುಮತಿ ಮನೆ ಗೃಹಪ್ರವೇಶಕ್ಕೆ ಮೇಲಿಂದಾನೇ ಶೂಟಿಂಗ್.

ವೀಣಾ: ಚಿಕ್ಕಪ್ಪ, ಇದು ಅರ್ಧ ನಿಜ. 2021ರ ಡ್ರೋನ್ ನಿಯಮದ ಪ್ರಕಾರ ಅದು ನ್ಯಾನೋ, ಅಂದ್ರೆ ಅತಿ ಚಿಕ್ಕ ವರ್ಗ, ಪೈಲಟ್ ಸರ್ಟಿಫಿಕೇಟ್ ಬೇಡ. ಆದ್ರೆ ಮನೆ ಇರೋದೆಲ್ಲಿ?

ಚಿಕ್ಕಪ್ಪ: ದೇವನಹಳ್ಳೀಲಿ. ಏನೀಗ?

ವೀಣಾ: ತಾರಸಿ ಮೇಲೆ ನಿಂತ್ರೆ ವಿಮಾನದ ಚಕ್ರ ಕಾಣುತ್ತೆ! ಏರ್‌ಪೋರ್ಟ್ ಕಾಂಪೌಂಡಿಂದ 8 ಕಿ.ಮೀ. ಒಳಗೆ ಅನುಮತಿ ಇಲ್ದೆ ಎತ್ತೋ ಹಾಗೇ ಇಲ್ಲ. 8ರಿಂದ 12 ಕಿ.ಮೀ. ನಡುವೆ 200 ಅಡಿ ಎತ್ತರದವರೆಗೆ ಮಾತ್ರ. ಅದರಾಚೆ ಹಸಿರು ವಲಯ (ಅನುಮತಿ ಬೇಡದ ಜಾಗ) ಆದ್ರೆ 400 ಅಡಿ. ರವಿ, ಎಲ್ಲಿ ಹಾರಿಸಬಹುದು ಅಂತ ಬಣ್ಣದಲ್ಲಿ ತೋರಿಸೋ ಸರ್ಕಾರದ ಡಿಜಿಟಲ್ ಸ್ಕೈ ಮ್ಯಾಪ್ ನೋಡೋ.

ರವಿ: ನೋಡ್ದೆ ಅಕ್ಕ. ಕೆಂಪು.

ಚಿಕ್ಕಪ್ಪ: ಮದುವೆ ಫೋಟೋದೋರೆಲ್ಲ ಹಾರಿಸ್ತಾರಲ್ಲಮ್ಮ, ಅವರಿಗಿಲ್ಲದ ಕಾನೂನು ನಮಗ್ಯಾಕೆ?

ವೀಣಾ: ಅವರು ದುಡ್ಡಿಗೆ ಹಾರಿಸೋರು. 250 ಗ್ರಾಂ ದಾಟಿದ್ರೆ ಸರ್ಟಿಫಿಕೇಟ್ ಬೇಕೇ ಬೇಕು. ಎಲ್ಲರ ಹತ್ರ ಇದೆ ಅಂತ ನಾನೇನೂ ಹೇಳ್ತಿಲ್ಲ. ದಂಡ 1 ಲಕ್ಷದವರೆಗೂ ಇದೆ, ಬಂದ ಮುಯ್ಯಿಯೆಲ್ಲ ಅದಕ್ಕೇ ಸರಿಹೋಗುತ್ತೆ.

ಸುಮತಕ್ಕ: ನನ್ನ ಮುಯ್ಯಿ ಸುದ್ದಿಗೆ ಬರಬೇಡಿ.

ದುಬೈ ಭಾವ: ಬರುವಾಗ ದೊಡ್ಡದೊಂದು ತರ್ಲಾ?

ವೀಣಾ: ಬೇಡಿ ಭಾವ. 2022ರ ಫೆಬ್ರವರಿಯಿಂದ ರೆಡಿ ಡ್ರೋನ್ ಹೊರಗಿಂದ ತರೋದಕ್ಕೆ ನಿಷೇಧ. ಖರ್ಜೂರ ತನ್ನಿ.

ಅಜ್ಜಿ (ವಾಯ್ಸ್ ಮೆಸೇಜ್, ರವಿ ಬರೆದದ್ದು): ಹಾಲು ಉಕ್ಕೋ ಹೊತ್ತಲ್ಲಿ ತಲೆ ಮೇಲೆ ಜೇನುಹುಳದ ಥರ ಜುಂಯ್ ಅಂತಿದ್ರೆ ಪುರೋಹಿತರು ಎದ್ದು ಹೋಗ್ತಾರೆ ಅಷ್ಟೆ.

ರವಿ: ಹಂಗಾದ್ರೆ ನಾನು ಕಲಿಯೋದೆಲ್ಲಿ?

ವೀಣಾ: ತಿಪಟೂರಿಗೆ ಹೋಗು. ತೋಟದಲ್ಲಲ್ಲ, ಬಯಲು ಹೊಲದಲ್ಲಿ. ಅಲ್ಲಿನ ಬಣ್ಣಾನೂ ಮೊದಲು ನೋಡ್ಕೋ. ತಾರಸಿಯಿಂದ ಎತ್ತಬೇಡ, ಒಳಗಿನ ಕಬ್ಬಿಣಕ್ಕೆ ಕಂಪಾಸ್ ತಲೆಕೆಡುತ್ತೆ. ಹೋಮ್ ಪಾಯಿಂಟ್ (ಅದು ವಾಪಸ್ ಬರಬೇಕಾದ ಜಾಗ) ಕೂರೋವರೆಗೂ ಕಾಯಿ. ಕಣ್ಣಿಗೆ ಕಾಣೋಷ್ಟು ದೂರದಲ್ಲೇ ಇರಲಿ. ಕರೆಂಟ್ ತಂತಿ ಅದರ ಸೆನ್ಸರ್‌ಗೆ ಕಾಣಲ್ಲ, ನೀನೇ ನೋಡ್ಬೇಕು. ಹದ್ದು ಸುತ್ತೋಕೆ ಶುರು ಮಾಡಿದ್ರೆ ಇಳಿಸಿಬಿಡು.

ವೀಣಾ: ಬ್ಯಾಟರಿ 30 ಪರ್ಸೆಂಟ್‌ಗೆ ಬಂದಾಗ ವಾಪಸ್ ತಿರುಗಿಸು. ನಾನು ಮೊದಲನೇ ವಾರ ‘ರಿಟರ್ನ್ ಟು ಹೋಮ್’ ಎತ್ತರ 20 ಮೀಟರ್‌ಗೆ ಇಟ್ಟಿದ್ದೆ. ಬ್ಯಾಟರಿ ಕಮ್ಮಿಯಾಯ್ತು, ತಾನೇ ವಾಪಸ್ ಹೊರಟು ಸೀದಾ ತೆಂಗಿನ ಗರಿಗೆ. ಮರ ಅದಕ್ಕಿಂತ ಎತ್ತರ ಇತ್ತು. ಕಾಯಿ ಕೀಳೋರಿಗೆ 200 ರೂಪಾಯಿ ಕೊಟ್ಟು ಇಳಿಸಿದ್ದು.

ಚಿಕ್ಕಪ್ಪ: ಓಹೋ! ಆವತ್ತು ಹದ್ದು ಹೊತ್ಕೊಂಡ್ಹೋಯ್ತು ಅಂದಿದ್ದೆ?

ವೀಣಾ: ...

ಸುಮತಕ್ಕ: ಫೋಟೋದೋರು ಕೆಳಗಿಂದಾನೇ ತೆಗೀಲಿ. ಮುಗೀತು.

(ಚಿಕ್ಕಪ್ಪ ಈ ಮೆಸೇಜ್ ಡಿಲೀಟ್ ಮಾಡಿದ್ದಾರೆ)

ಚಿಕ್ಕಪ್ಪ: ರವಿ, ಆ ‘ಸಿಹಿಸುದ್ದಿ’ ಫಾರ್ವರ್ಡನ್ನ ವಾಕಿಂಗ್ ಗುಂಪಿಗೆ, ಭಜನೆ ಗುಂಪಿಗೆ ಮೊನ್ನೇನೇ ಹಾಕಿಬಿಟ್ಟಿದ್ದೆ. ಅಲ್ಲಿ ಡಿಲೀಟ್ ಆಗ್ತಾನೇ ಇಲ್ಲ ಕಣೋ.