‘ಟಾಗಲ್’ ಮಾಡುವುದಕ್ಕೆ ‘ಮಗುಚು’ ಸಲ್ಲುತ್ತದೆಯೇ?

ಬಳಗದವರಿಗೆ ನಮಸ್ಕಾರ.

ಕನ್ನಡ ಮಾಧ್ಯಮದಲ್ಲಿ ಓದಿ ಡಿಪ್ಲೊಮಾಗೆ ಬಂದ ಮಕ್ಕಳಿಗಾಗಿ ಲಿನಕ್ಸ್ ಟರ್ಮಿನಲ್ (ಆದೇಶಗಳನ್ನು ಟೈಪ್ ಮಾಡುವ ಕಿಟಕಿ) ಬಗ್ಗೆ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಆದೇಶ ಟೈಪ್ ಮಾಡುವ ಜಾಗದಲ್ಲಿ ಮೊದಲೇ ಕಾಣುವ ಸಾಲಿಗೆ ‘ಪ್ರಾಂಪ್ಟ್’ ಪದವನ್ನು ಹಾಗೆಯೇ ಇಟ್ಟುಕೊಂಡಿದ್ದೇನೆ. ನನಗೆ ತೊಡಕಾಗಿರುವುದು ಆ ಪ್ರಾಂಪ್ಟಿನಲ್ಲಿ ಬೇಕಾದ ಮಾಹಿತಿ ಬರುವಂತೆ, ಬೇಡದ್ದು ಬಾರದಂತೆ ಮಾಡುವುದಕ್ಕೆ ಯಾವ ಕ್ರಿಯಾಪದ ಬಳಸಬೇಕು ಎನ್ನುವುದು.

ಉದಾಹರಣೆಗೆ ಪ್ರಾಂಪ್ಟನ್ನು ಬೇಕಾದಂತೆ ಹೊಂದಿಸಿಕೊಡುವ ‘ಸ್ಟಾರ್‌ಶಿಪ್’ ತಂತ್ರಾಂಶ. ಗಿಟ್ (ಕೋಡಿನ ಬದಲಾವಣೆಗಳನ್ನು ದಾಖಲಿಸುವ ಸಾಧನ) ಶಾಖೆಯ ಹೆಸರು, ಗಂಟೆ, ಬ್ಯಾಟರಿ ಮಟ್ಟ, ಹಿಂದಿನ ಆದೇಶಕ್ಕೆ ಹಿಡಿದ ಸಮಯ, ಇವು ಒಂದೊಂದಕ್ಕೂ ಅದರಲ್ಲಿ ಬೇರೆ ಬೇರೆ ಭಾಗವಿದೆ. ‘ಸ್ಟಾರ್‌ಶಿಪ್ ಟಾಗಲ್ ಬ್ಯಾಟರಿ’ ಎಂದು ಆದೇಶ ಕೊಟ್ಟರೆ ಬ್ಯಾಟರಿ ಭಾಗ ಯಾವ ಸ್ಥಿತಿಯಲ್ಲಿದೆಯೋ ಅದರ ವಿರುದ್ಧ ಸ್ಥಿತಿಗೆ ಹೋಗುತ್ತದೆ.

ಮೊದಲ ಕರಡಿನಲ್ಲಿ ‘ಹಾಕು’, ‘ತೆಗೆ’ ಎಂದು ಬರೆದಿದ್ದೆ. ಲೈಟ್ ಹಾಕು, ಲೈಟ್ ತೆಗೆ ಎನ್ನುತ್ತೇವಲ್ಲ, ಹಾಗೆ. ‘ಬ್ಯಾಟರಿ ತೆಗೆಯಿರಿ’ ಎಂಬ ಸಾಲನ್ನು ಓದಿದ ಹುಡುಗಿಯೊಬ್ಬಳು ಲ್ಯಾಪ್‌ಟಾಪನ್ನು ಮಗುಚಿಟ್ಟು, “ಸಾರ್, ಇದರಲ್ಲಿ ಬ್ಯಾಟರಿ ಬಿಚ್ಚೋಕೆ ಬರಲ್ಲ” ಅಂದಳು. ತಪ್ಪು ಅವಳದಲ್ಲ. ಈ ಎರಡು ಕ್ರಿಯಾಪದಗಳೇ ಹಾಗೆ: ಲೈಟ್ ಹಾಕಿದರೆ ಬೆಳಕು ಬರುತ್ತದೆ, ಬಾಗಿಲು ಹಾಕಿದರೆ ದಾರಿ ಮುಚ್ಚುತ್ತದೆ. ಲೈಟ್ ತೆಗೆದರೆ ಕತ್ತಲೆ, ಬಾಗಿಲು ತೆಗೆದರೆ ದಾರಿ. ಕಣ್ಣೆದುರಿಗೆ ವಸ್ತುವಿದ್ದಾಗ ಗೊಂದಲವಿಲ್ಲ. ಪರದೆಯ ಮೇಲಿನ ಅಕ್ಷರಕ್ಕೆ ಆ ಆಸರೆ ಇರುವುದಿಲ್ಲ.

ಆಮೇಲೆ ‘ತೋರಿಸು’, ‘ಅಡಗಿಸು’ ಎಂದು ತಿದ್ದಿದೆ. ಅದೂ ನಿಲ್ಲಲಿಲ್ಲ. ಸ್ಟಾರ್‌ಶಿಪ್‌ನ ಮೂಲ ಹೊಂದಾಣಿಕೆಯಲ್ಲಿ ಬ್ಯಾಟರಿ ಭಾಗ ಚಾಲೂ ಇರುತ್ತದೆ, ಆದರೆ ಚಾರ್ಜ್ 10%ಕ್ಕೆ ಇಳಿಯುವವರೆಗೆ ಕಾಣಿಸುವುದಿಲ್ಲ. ಆದೇಶದ ಸಮಯವೂ 2 ಸೆಕೆಂಡ್ ದಾಟಿದರೆ ಮಾತ್ರ ಕಾಣುತ್ತದೆ. ಅಂದರೆ ಚಾಲೂ ಇದ್ದೂ ಕಾಣದ ಸ್ಥಿತಿ ಒಂದಿದೆ. ‘ತೋರಿಸು’ ಎಂದು ಬರೆದರೆ, ತುಂಬಿದ ಬ್ಯಾಟರಿ ಇಟ್ಟುಕೊಂಡ ವಿದ್ಯಾರ್ಥಿ ತನ್ನಿಂದಲೇ ಏನೋ ತಪ್ಪಾಗಿದೆ ಎಂದು ಕೂರುತ್ತಾನೆ.

ಹಾಗಾಗಿ ಸ್ಥಿತಿಗಳಿಗೆ ‘ಚಾಲೂ’, ‘ಬಂದ್’ ಇರಲಿ ಅನ್ನಿಸಿದೆ. ಹುಬ್ಬಳ್ಳಿ ಕಡೆ ಫ್ಯಾನಿಗೂ ಪಂಪಿಗೂ ಇದೇ ಮಾತು, ಗೊಂದಲವೇ ಇಲ್ಲ. ಕ್ಯೂಬರ್ನೆಟಿಸ್ (ಹಲವು ಕಂಪ್ಯೂಟರುಗಳಲ್ಲಿ ತಂತ್ರಾಂಶ ನಡೆಸುವ ವ್ಯವಸ್ಥೆ) ಮಾಹಿತಿ ತೋರುವ ಒಂದು ಪ್ರಾಂಪ್ಟ್ ಸಾಧನದಲ್ಲಿ ‘ಕ್ಯೂಬ್‌ಆನ್’, ‘ಕ್ಯೂಬ್‌ಆಫ್’ ಎಂಬ ಎರಡು ಬೇರೆ ಆದೇಶಗಳೇ ಇವೆ. ಅಲ್ಲಿಗೆ ಈ ಜೋಡಿ ಸಾಕು. ಟಾಗಲ್ ಒಂದೇ ಆದೇಶವಾದ್ದರಿಂದ ಅದಕ್ಕೆ ಒಂದೇ ಕ್ರಿಯಾಪದ ಬೇಕು.

ನನ್ನ ಮನಸ್ಸು ‘ಮಗುಚು’ ಕಡೆಗಿದೆ. ದೋಸೆ ಮಗುಚಿ ಹಾಕಿದರೆ ಕೆಳಗಿನ ಮೈ ಮೇಲಾಗುತ್ತದೆ, ಇನ್ನೊಮ್ಮೆ ಮಗುಚಿದರೆ ಮೊದಲಿನದೇ ಮೇಲೆ ಬರುತ್ತದೆ. ಟಾಗಲ್ ಮಾಡುವುದೂ ಇಷ್ಟನ್ನೇ. ‘ಕವುಚಿ ಹಾಕು’ ಎಂದರೆ ಬೋರಲು ಎಂಬ ಒಂದೇ ಸ್ಥಿತಿ. ‘ಮಗುಚು’ವಿಗೆ ಆ ಪಕ್ಷಪಾತವಿಲ್ಲ. ‘ಅದಲುಬದಲು’ ಎಂದರೆ ಎರಡು ವಸ್ತು ಬೇಕು, ಇಲ್ಲಿರುವುದು ಒಂದೇ. ಹಳಗನ್ನಡದ ‘ಮಗುಳ್’ನಲ್ಲಿ ಹಿಂದಿರುಗು ಎಂಬ ಅರ್ಥವೂ ಉಂಟು, ಆದ್ದರಿಂದ ಮರಳಿ ಬರುವ ಗುಣ ಬೇರಿನಲ್ಲೇ ಇದೆ ಎಂಬುದು ನನಗೆ ತುಂಬಾ ಹಿಡಿಸಿತು.

ಅಳುಕಿರುವುದು ದೋಣಿಯ ವಿಷಯದಲ್ಲಿ. ದೋಣಿ ಮಗುಚಿತು ಎಂದರೆ ಅನಾಹುತ. ಕರಾವಳಿಯವರ ಕಿವಿಗೆ ‘ಬ್ಯಾಟರಿ ಭಾಗವನ್ನು ಮಗುಚಿ’ ಎಂಬುದು ಹೇಗೆ ಕೇಳಿಸುತ್ತದೆ? ನಿಮ್ಮ ಮನೆಗಳಲ್ಲಿ ದೋಸೆಗೆ ‘ತಿರುವಿ ಹಾಕು’ ಎನ್ನುತ್ತೀರೋ, ‘ಮಗುಚು’ ಎನ್ನುತ್ತೀರೋ, ಬೇರೆ ಮಾತುಂಟೋ? ಊರಿನ ಹೆಸರಿನೊಂದಿಗೆ ತಿಳಿಸಿದರೆ ಉಪಕಾರವಾಗುತ್ತದೆ.

ಇನ್ನೊಂದು ಸಣ್ಣ ಪ್ರಶ್ನೆ. ಇಂಥ ಬೇಕಾದರೆ-ಬೇಡವಾದರೆ ಮಾಹಿತಿಗೆ ‘ಐಚ್ಛಿಕ’ ಎಂದು ಬರೆದರೆ ಮಕ್ಕಳಿಗೆ ಪದವಿಯ ಐಚ್ಛಿಕ ಕನ್ನಡ ಪತ್ರಿಕೆ ನೆನಪಾಗುತ್ತದೆ. ಸದ್ಯ ‘ಬೇಕಿದ್ದರೆ ಮಾಹಿತಿ’ ಎಂದು ಬರೆದುಕೊಂಡಿದ್ದೇನೆ. ಇದಕ್ಕಿಂತ ಸಲೀಸಾದದ್ದು ಇದ್ದರೆ ಹೇಳಿ.