ಪರ್ಮಾಂಗನೇಟ್ ಇಳಿಸಿದರೆ ನೆಲದಡಿಯ ಬ್ಯಾಕ್ಟೀರಿಯಾಗಳ ಗತಿ ಏನು?

ಬಾವಿಯ ಇಣುಕು:
ನಾನು ನೋಡಿಕೊಳ್ಳುವ ತಾಣದ ಅಂತರ್ಜಲದಲ್ಲಿ ಜಿಡ್ಡು ತೆಗೆಯಲು ಬಳಸುವ ಕ್ಲೋರಿನ್‌ಯುಕ್ತ ದ್ರಾವಕ ಟ್ರೈಕ್ಲೋರೋಎಥಿಲೀನ್ (ಟಿಸಿಇ) ಸೇರಿಕೊಂಡಿದೆ. ನಾಲ್ಕು ವರ್ಷಗಳಲ್ಲಿ ಟಿಸಿಇ ಇಳಿದಿದೆ, ಡೈಕ್ಲೋರೋಎಥಿಲೀನ್ ಏರಿ ಮತ್ತೆ ಇಳಿದಿದೆ, ಈಚೆಗೆ ಕ್ಲೋರಿನ್ನೇ ಇಲ್ಲದ ಎಥಿಲೀನ್ ಕೂಡ ಕಾಣಿಸಿಕೊಂಡಿದೆ. ಅಂದರೆ ಬ್ಯಾಕ್ಟೀರಿಯಾಗಳು ಒಂದೊಂದೇ ಕ್ಲೋರಿನ್ ಕಿತ್ತುಹಾಕುತ್ತಿವೆ. ಈಗ ಕೆಲಸ ಬೇಗ ಮುಗಿಯಲೆಂದು, ಟಿಸಿಇಯನ್ನು ಉತ್ಕರ್ಷಿಸಿ ಒಡೆಯುವ ನೇರಳೆ ಬಣ್ಣದ ಪೊಟ್ಯಾಸಿಯಂ ಪರ್ಮಾಂಗನೇಟ್ ಇಳಿಸುವ ಮಾತು ಬಂದಿದೆ. ಕೂಲಿ ಕೇಳದೆ ದುಡಿಯುವವರನ್ನು ನಾವೇ ಕೊಂದಂತಾಗುವುದಿಲ್ಲವೇ?

ನೇರಳೆ ಬೆರಳು:
ಕೊಲ್ಲುತ್ತೀರಿ, ಆದರೆ ಎಲ್ಲವನ್ನೂ ಅಲ್ಲ. ಇಂಥ ಒಂದು ತಾಣದಲ್ಲಿ ನಾನು ಮಾದರಿ ತೆಗೆಯುತ್ತಿದ್ದೆ. ಬಾವಿಯಿಂದ ಬರುತ್ತಿದ್ದುದು ನೇರಳೆ ನೀರು. ಬೆರಳಿನ ಕಂದು ಕಲೆ ವಾರವಾದರೂ ಹೋಗುತ್ತಿರಲಿಲ್ಲ. ಆ ಬಣ್ಣ ಇರುವವರೆಗೆ ಟಿಸಿಇ ಪತ್ತೆಯೇ ಇರಲಿಲ್ಲ, ಎಲ್ಲರಿಗೂ ಸಂಭ್ರಮ. ಬಣ್ಣ ಮಾಯವಾದ ಕೆಲವು ತಿಂಗಳಿಗೆ ಜೇಡಿಮಣ್ಣಿನೊಳಗೆ ಅವಿತಿದ್ದ ಟಿಸಿಇ ನಿಧಾನವಾಗಿ ಹೊರಬಂತು. ಅದನ್ನು ತಿನ್ನಬೇಕಾದವರು ಮಾತ್ರ ಇನ್ನೂ ಬಂದಿರಲಿಲ್ಲ.

ಟಿಸಿಇಯನ್ನು ಎಥಿಲೀನ್‌ವರೆಗೆ ಒಯ್ಯುವ ಡಿಹ್ಯಾಲೊಕೊಕಾಯ್ಡಿಸ್ ಎಂಬ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕವೇ ವಿಷ, ಹೈಡ್ರೋಜನ್ನೇ ಆಹಾರ. ಪರ್ಮಾಂಗನೇಟ್ ನೀರನ್ನು ಉತ್ಕರ್ಷಕ ಸ್ಥಿತಿಗೆ ತಳ್ಳುತ್ತದೆ. ಆ ಹೈಡ್ರೋಜನ್ ಒದಗಿಸುತ್ತಿದ್ದ ಸಾವಯವ ಇಂಗಾಲವನ್ನೂ ಸುಟ್ಟುಹಾಕುತ್ತದೆ. ಉಳಿಯುವ ಮ್ಯಾಂಗನೀಸ್ ಡೈಆಕ್ಸೈಡ್‌ ಬಳಸಿ ಉಸಿರಾಡುವ ಬೇರೆ ಸೂಕ್ಷ್ಮಜೀವಿಗಳು ಪಂಕ್ತಿಯಲ್ಲಿ ಮೊದಲು ಕುಳಿತುಬಿಡುತ್ತವೆ. ಮೇಲಿನಿಂದ ಹರಿದುಬರುವ ನೀರು ಹೊಸ ಜೀವಿಗಳನ್ನು ತರುತ್ತದೆ ನಿಜ, ಆದರೆ ಅವು ನೆಲೆಯೂರಲು ಸ್ಥಿತಿ ಹದವಾಗಬೇಕು. ಇನ್ನೊಂದು ಉತ್ಕರ್ಷಕವಾದ ಪರ್ಸಲ್ಫೇಟ್ ಆದರೂ ಅಷ್ಟೆ: ಹಿಂದೆ ಸಲ್ಫೇಟ್ ಬಿಟ್ಟುಹೋಗುತ್ತದೆ, ಆಮ್ಲತೆಯೂ ಏರಬಹುದು.

ಗಾಳಿಗುಳ್ಳೆ:
ಯಾವ ಮಾಲಿನ್ಯ ಎಂಬುದನ್ನು ಮರೆಯಬೇಡಿ. ಪೆಟ್ರೋಲ್ ಸೋರಿದ ಜಾಗದಲ್ಲಿ ಗಾಳಿ ಊದಿದರೆ ಬೆಂಜೀನ್ ತಿನ್ನುವವರಿಗೆ ಹಬ್ಬ. ಅದೇ ಗಾಳಿ ನಿಮ್ಮ ತಾಣದಲ್ಲಿ ಕೆಲಸ ಕೆಡಿಸುತ್ತದೆ. ಎಲ್ಲ ಚಿಕಿತ್ಸೆಯೂ ಶತ್ರುವಲ್ಲ. ಫ್ಲಾರಿಡಾದ ಜ್ಯಾಕ್ಸನ್‌ವಿಲ್‌ನಲ್ಲಿ ಡ್ರೈ ಕ್ಲೀನಿಂಗ್ ಅಂಗಡಿಯ ಅಡಿಯ ದ್ರಾವಕವನ್ನು 1998ರಲ್ಲಿ ಎಥನಾಲ್‌ನಿಂದ ತೊಳೆದರು. ತೊಳೆದು ಮಿಕ್ಕ ಎಥನಾಲ್ಲೇ ಬ್ಯಾಕ್ಟೀರಿಯಾಗಳಿಗೆ ಮೇವಾಗಿ, ಕ್ಲೋರಿನ್ ಕೀಳುವ ಕೆಲಸ ಚುರುಕಾಯಿತು.

ಬಾವಿಯ ಇಣುಕು:
ಹಾಗಾದರೆ ಪರ್ಮಾಂಗನೇಟ್ ಬೇಡವೆನ್ನಲೇ?

ನೇರಳೆ ಬೆರಳು:
ಹಾಗೆನ್ನಲಾರೆ. ದ್ರಾವಕ ದಟ್ಟವಾಗಿ ಕುಳಿತ ಮೂಲದಲ್ಲಿ ಬ್ಯಾಕ್ಟೀರಿಯಾಗಳನ್ನೇ ನಂಬಿದರೆ ದಶಕಗಳು ಬೇಕಾದೀತು. ಮೂಲಕ್ಕಷ್ಟೇ ಹಾಕಿ, ಕೆಳಹರಿವಿನ ಬಾವಿಗಳನ್ನು ಮುಟ್ಟಬೇಡಿ. ನೇರಳೆ ಬಣ್ಣ ಪೂರ್ತಿ ಹೋದ ಮೇಲೆ ಲ್ಯಾಕ್ಟೇಟ್ ಅಥವಾ ಸಸ್ಯಜನ್ಯ ಎಣ್ಣೆ ಇಳಿಸಿ. ಅವಸರಪಟ್ಟರೆ ಪರ್ಮಾಂಗನೇಟ್ ಅದನ್ನೇ ತಿಂದುಹಾಕುತ್ತದೆ. ಮೀಥೇನ್ ಮರಳಿ ಕಾಣಿಸಿಕೊಂಡರೆ ನೀರು ಹದಕ್ಕೆ ಬಂದಿದೆ ಎನ್ನಬಹುದು. ಡೈಕ್ಲೋರೋಎಥಿಲೀನ್‌ಗೂ ಎಥಿಲೀನ್‌ಗೂ ನಡುವಿನ ಮೆಟ್ಟಿಲಾದ ವಿನೈಲ್ ಕ್ಲೋರೈಡ್ ಮೇಲೆ ಮಾತ್ರ ಸದಾ ಕಣ್ಣಿರಲಿ, ಅದು ಕ್ಯಾನ್ಸರ್‌ಕಾರಕ. ಸರಪಳಿ ಅಲ್ಲಿಗೇ ನಿಂತರೆ ಟಿಸಿಇಯೇ ವಾಸಿ ಎನ್ನಿಸೀತು. ಇಳಿಸುವ ಮುನ್ನವೇ ಡಿಹ್ಯಾಲೊಕೊಕಾಯ್ಡಿಸ್ ಡಿಎನ್‌ಎ ಎಣಿಕೆ ಮಾಡಿಸಿಡಿ. ನಾವು ಮಾಡಿಸಿರಲಿಲ್ಲ.