ಹೊಗೆಯಿಲ್ಲ, ಸೋರಿಕೆಯಿಲ್ಲ, ಆಯಿಲ್ ಮಾತ್ರ ಇಳಿಯುತ್ತಿದೆ: ಹಳೆಯ ಇಂಜಿನ್ ಬಿಚ್ಚಿಸುವ ಮೊದಲು ಏನೇನು ನೋಡಬೇಕು?

ಪ್ರಶ್ನೆ

ನನ್ನ ಪೆಟ್ರೋಲ್ ಕಾರು ಒಂದು ಲಕ್ಷ ಎಂಬತ್ತು ಸಾವಿರ ಕಿಲೋಮೀಟರ್ ದಾಟಿದೆ. ಟರ್ಬೊ ಇಲ್ಲದ, ನಾಲ್ಕು ಸಿಲಿಂಡರಿನ ಇಂಜಿನ್. ಕಳೆದ ವರ್ಷದವರೆಗೆ ಒಂದು ಸರ್ವಿಸ್‌ನಿಂದ ಇನ್ನೊಂದರವರೆಗೆ ಆಯಿಲ್ ಹಾಕುವ ಪ್ರಮೇಯವೇ ಬರುತ್ತಿರಲಿಲ್ಲ. ಈಗ ಸುಮಾರು 1,200 ಕಿ.ಮೀ.ಗೆ ಒಂದು ಲೀಟರ್ ಬೇಕಾಗುತ್ತಿದೆ. ನಿಲ್ಲಿಸಿದ ಜಾಗದಲ್ಲಿ ಒಂದು ಹನಿಯೂ ಕಾಣುವುದಿಲ್ಲ, ಸೈಲೆನ್ಸರಿನಿಂದ ನೀಲಿ ಹೊಗೆ ಬಂದದ್ದನ್ನು ನಾನು ನೋಡಿಲ್ಲ, ಪಿಕಪ್ ಮೊದಲಿನಂತೆಯೇ ಇದೆ. ಗ್ಯಾರೇಜಿನಲ್ಲಿ ಕಂಪ್ರೆಶನ್ ಪರೀಕ್ಷೆ (ಸಿಲಿಂಡರಿನೊಳಗೆ ಎಷ್ಟು ಒತ್ತಡ ಹುಟ್ಟುತ್ತದೆ ಎಂಬ ಅಳತೆ) ಮಾಡಿಸಿದಾಗ ನಾಲ್ಕೂ ಸಿಲಿಂಡರುಗಳಲ್ಲಿ ಸರಿಯಾಗಿದೆ ಎಂದರು. ಆದರೂ ಇಂಜಿನ್ ಇಳಿಸಿ ಪಿಸ್ಟನ್ ರಿಂಗ್ ಬದಲಿಸಬೇಕು ಎನ್ನುತ್ತಾರೆ. ಕಂಪ್ರೆಶನ್ ಸರಿಯಿದ್ದ ಮೇಲೆ ರಿಂಗ್ ಏಕೆ ಬದಲಿಸಬೇಕು ಎಂಬುದು ನನಗೆ ಅರ್ಥವಾಗುತ್ತಿಲ್ಲ. ಇಂಥ ತೊಂದರೆಯನ್ನು ಕಂಡವರು ಯಾವ ಕ್ರಮದಲ್ಲಿ ಪತ್ತೆ ಹಚ್ಚಿದಿರಿ ಎಂದು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ಎಲ್ಲಕ್ಕಿಂತ ಮೊದಲು ಆ 1,200 ಕಿ.ಮೀ. ಎಂಬ ಲೆಕ್ಕವನ್ನೇ ಖಚಿತಪಡಿಸಿಕೊಳ್ಳಿ. ಕಾರು ನಿಂತ ನೆಲದ ಸಮತಟ್ಟು, ಇಂಜಿನ್ನಿನ ಬಿಸಿ, ಬಂದ್ ಮಾಡಿದ ಮೇಲೆ ಕಾದ ಹೊತ್ತು, ಈ ಮೂರರಲ್ಲಿ ಯಾವುದೊಂದು ಬದಲಾದರೂ ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಬೇರೆಯಾಗಿ ಕಾಣುತ್ತದೆ. ಒಂದೇ ಜಾಗದಲ್ಲಿ ನಿಲ್ಲಿಸಿ, ಆಯಿಲ್ ಕೆಳಗಿಳಿಯಲು ಹತ್ತು ನಿಮಿಷ ಬಿಟ್ಟು, ಕಡ್ಡಿಯನ್ನು ಒಮ್ಮೆ ಒರೆಸಿ ಮತ್ತೆ ಅದ್ದಿ, ಎರಡೂ ಬದಿಗಳಲ್ಲಿ ಯಾವುದು ಕಡಿಮೆ ತೋರಿಸುತ್ತದೆಯೋ ಅದನ್ನೇ ಬರೆದಿಟ್ಟುಕೊಳ್ಳಿ. ಬಹಳಷ್ಟು ಕಾರುಗಳಲ್ಲಿ ಮೇಲಿನ ಗುರುತಿಗೂ ಕೆಳಗಿನ ಗುರುತಿಗೂ ನಡುವಿನ ಅಂತರ ಸುಮಾರು ಒಂದು ಲೀಟರ್ ಇರುತ್ತದೆ. ಅಂದಾಜಿನಲ್ಲಿ ಸುರಿಯದೆ, ಅಳತೆಯ ಪಾತ್ರೆಯಿಂದ ಹಾಕಿ, ಪ್ರತಿಸಲವೂ ಅದೇ ಗುರುತಿಗೆ ತಂದು ನಿಲ್ಲಿಸಿದರೆ ಮಾತ್ರ ಲೆಕ್ಕಕ್ಕೆ ಅರ್ಥವಿರುತ್ತದೆ. ಮೇಲಿನ ಗುರುತನ್ನು ದಾಟಿಸುವುದು ಇನ್ನೂ ಕೆಟ್ಟದ್ದು, ಏಕೆಂದರೆ ಹೆಚ್ಚಾದ ಆಯಿಲನ್ನು ಕ್ರ್ಯಾಂಕ್ ಶಾಫ್ಟ್ ಕಡೆದು ನೊರೆಯೆಬ್ಬಿಸುತ್ತದೆ, ಅದರ ಮಂಜು ಗಾಳಿಕೊಳವೆಯ ಮೂಲಕ ಒಳಗೆ ಹೋಗಿ ಸುಟ್ಟುಹೋಗುತ್ತದೆ.

ಇನ್ನೊಂದು ಮೋಸವೂ ಇದೆ. ಚಿಕ್ಕಪುಟ್ಟ ಓಡಾಟವೇ ಹೆಚ್ಚಿದ್ದರೆ ಸುಡದೆ ಉಳಿದ ಪೆಟ್ರೋಲ್ ಮತ್ತು ನೀರಿನಂಶ ಆಯಿಲಿನೊಳಗೆ ಸೇರಿ ಮಟ್ಟ ಇಳಿಯದಂತೆ ತೋರಿಸುತ್ತವೆ. ಆಮೇಲೆ ಒಂದು ದೂರದ ಪ್ರಯಾಣದಲ್ಲಿ ಅವು ಆವಿಯಾಗಿ ಹೋದಾಗ, ಒಂದೇ ಸಲಕ್ಕೆ ಆಯಿಲ್ ಕುಸಿದುಬಿಟ್ಟಿತು ಎಂದು ಗಾಬರಿಯಾಗುತ್ತದೆ. ಹಲವು ತಯಾರಕರ ಕೈಪಿಡಿಗಳಲ್ಲಿ 1,000 ಕಿ.ಮೀ.ಗೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಖರ್ಚಾಗುವುದನ್ನು ಸಹಜವೆಂದೇ ಬರೆದಿರುತ್ತಾರೆ. ಆ ಮಿತಿ ತಯಾರಕರ ರಕ್ಷಣೆಗಾಗಿ ಇರುವಂಥದ್ದು ಎಂಬುದು ನನ್ನ ಅಭಿಪ್ರಾಯ. ಒಂದು ವರ್ಷದಲ್ಲಿ ಸೊನ್ನೆಯಿಂದ ಇಲ್ಲಿಗೆ ಬಂದಿದ್ದರೆ ಕಾರಣವನ್ನು ಹುಡುಕಲೇಬೇಕು.

ಎರಡನೆಯ ಉತ್ತರ

ನಾನು ಇಂಜಿನ್ ಕೆಲಸವನ್ನೇ ವೃತ್ತಿಯಾಗಿ ಮಾಡುವವನು. ನಿಮ್ಮ ಗ್ಯಾರೇಜಿನವರು ಹೇಳಿದ್ದು ಸುಳ್ಳಲ್ಲದಿರಬಹುದು, ಆದರೆ ಅದಕ್ಕೆ ಅವರು ಕೊಟ್ಟ ಆಧಾರ ಸಾಲದು.

ಪಿಸ್ಟನ್ನಿಗೆ ಸಾಮಾನ್ಯವಾಗಿ ಮೂರು ರಿಂಗುಗಳಿರುತ್ತವೆ. ಒತ್ತಡವನ್ನು ಹಿಡಿದಿಡುವುದು ಮುಖ್ಯವಾಗಿ ಮೇಲಿನ ಎರಡು. ಅವುಗಳಲ್ಲಿ ಎರಡನೆಯದು ಸಿಲಿಂಡರಿನ ಗೋಡೆಯ ಆಯಿಲನ್ನು ಕೆರೆದು ಕೆಳಗಿಳಿಸುವ ಕೆಲಸವನ್ನೂ ಮಾಡುತ್ತದೆ. ಮೂರನೆಯದೇ ಆಯಿಲ್ ರಿಂಗ್. ಎರಡು ತೆಳು ಪಟ್ಟಿಗಳು, ಅವುಗಳ ನಡುವೆ ಸ್ಪ್ರಿಂಗಿನಂತಹ ಒಂದು ತುಂಡು, ಅದರ ಹಿಂದೆ ಪಿಸ್ಟನ್ನಿನಲ್ಲಿ ಕೊರೆದ ಸಣ್ಣ ರಂಧ್ರಗಳು. ಗೋಡೆಯಿಂದ ಕೆರೆದ ಆಯಿಲ್ ಆ ರಂಧ್ರಗಳ ಮೂಲಕ ಕೆಳಗೆ ಮರಳಬೇಕು. ಆಯಿಲ್ ಬದಲಾವಣೆಯನ್ನು ಬಹಳ ದೂರಕ್ಕೆ ಎಳೆದಾಗ, ಅಥವಾ ಇಂಜಿನ್ ಅತಿಯಾಗಿ ಬಿಸಿಯಾಗಿದ್ದಾಗ, ಆ ರಂಧ್ರಗಳು ಕಾರ್ಬನ್ನಿನಿಂದ ಕಟ್ಟಿಕೊಂಡು ರಿಂಗ್ ತಾನು ಕೂರುವ ತೋಡಿನಲ್ಲೇ ಹಿಡಿದುಕೊಳ್ಳುತ್ತದೆ. ಆಗ ಮೇಲಿನ ರಿಂಗುಗಳು ಚೆನ್ನಾಗಿಯೇ ಇರುವುದರಿಂದ ಕಂಪ್ರೆಶನ್ ಸರಿಯಾಗಿ ಬರುತ್ತದೆ, ಪಿಕಪ್ಪೂ ಕುಗ್ಗುವುದಿಲ್ಲ, ಆಯಿಲ್ ಮಾತ್ರ ಸುಡುತ್ತಲೇ ಇರುತ್ತದೆ. ಸಿಲಿಂಡರಿನೊಳಗೆ ಸ್ವಲ್ಪ ಆಯಿಲ್ ಹಾಕಿ ಮತ್ತೊಮ್ಮೆ ಕಂಪ್ರೆಶನ್ ಅಳೆಯುವ ಪರೀಕ್ಷೆಯೂ ಮೇಲಿನ ರಿಂಗುಗಳ ಬಗ್ಗೆಯೇ ಹೇಳುವುದರಿಂದ ನಿಮ್ಮ ಸಂದರ್ಭದಲ್ಲಿ ಅದರಿಂದ ಹೆಚ್ಚಿನ ಉಪಯೋಗವಿಲ್ಲ.

ಆದ್ದರಿಂದ ಕಂಪ್ರೆಶನ್ ಸರಿಯಿದೆ ಎಂಬ ಕಾರಣಕ್ಕೆ ರಿಂಗಿನ ಮೇಲಿನ ಅನುಮಾನವನ್ನು ಬಿಡಲಾಗದು. ಹಾಗೆಂದು ಅದೇ ಫಲಿತಾಂಶ ವಾಲ್ವ್ ಸೀಲ್ (ವಾಲ್ವಿನ ಕಡ್ಡಿಯ ಸುತ್ತ ಆಯಿಲ್ ಕೆಳಗಿಳಿಯದಂತೆ ತಡೆಯುವ ರಬ್ಬರ್) ಗಟ್ಟಿಯಾಗಿದ್ದಾಗಲೂ ಬರುತ್ತದೆ, ಪಿಸಿವಿ ವಾಲ್ವ್ ಕೆಟ್ಟಿದ್ದಾಗಲೂ ಬರುತ್ತದೆ. ಈ ಮೂರರಲ್ಲಿ ಇಂಜಿನ್ ಇಳಿಸಬೇಕಾಗುವುದು ಒಂದಕ್ಕೆ ಮಾತ್ರ.

ಪಿಸಿವಿಯಿಂದಲೇ ಆರಂಭಿಸಿ. ರಿಂಗುಗಳನ್ನು ದಾಟಿ ಇಂಜಿನ್ನಿನ ಕೆಳಭಾಗವಾದ ಕ್ರ್ಯಾಂಕ್‌ಕೇಸಿಗೆ ನುಗ್ಗುವ ಅನಿಲವನ್ನು ಮರಳಿ ಇಂಟೇಕಿಗೆ, ಅಂದರೆ ಇಂಜಿನ್ ಗಾಳಿ ಎಳೆದುಕೊಳ್ಳುವ ದಾರಿಗೆ, ಕಳಿಸುವ ವಾಲ್ವ್ ಅದು. ತೆರೆದೇ ನಿಂತರೆ ಆಯಿಲಿನ ಮಂಜನ್ನು ಎಳೆದುಕೊಳ್ಳುತ್ತದೆ; ಮುಚ್ಚಿಯೇ ನಿಂತರೆ ಒಳಗೆ ಒತ್ತಡ ಬೆಳೆದು ಸೀಲುಗಳಲ್ಲೂ ರಿಂಗುಗಳಲ್ಲೂ ಆಯಿಲನ್ನು ತಳ್ಳುತ್ತದೆ. ಇಂಜಿನ್ ಐಡ್ಲಿಂಗಿನಲ್ಲಿರುವಾಗ ಆಯಿಲ್ ಹಾಕುವ ಮುಚ್ಚಳವನ್ನು ತೆಗೆದು ಬಾಯಿಯ ಮೇಲೆ ಒಂದು ಕಾಗದವನ್ನು ಇಟ್ಟು ನೋಡಿ. ಸಾಮಾನ್ಯವಾಗಿ ಕಾಗದ ಮೆಲ್ಲಗೆ ಒಳಕ್ಕೆ ಅಂಟಿಕೊಳ್ಳುತ್ತದೆ. ಹಾರಿಹೋದರೆ ಒಳಗೆ ಒತ್ತಡವಿದೆ. ಮುಚ್ಚಳವನ್ನೇ ಕೀಳಲು ಕಷ್ಟವಾಗುವಷ್ಟು ಸೆಳೆತವಿದ್ದು, ಜೊತೆಗೆ ಸಿಳ್ಳೆಯಂತಹ ಸದ್ದೂ ಇದ್ದರೆ, ಹೊಸ ಕಾಲದ ಇಂಜಿನ್ನುಗಳಲ್ಲಿ ಮೇಲ್ಮುಚ್ಚಳವಾದ ಟ್ಯಾಪೆಟ್ ಕವರಿನೊಳಗೇ ಇರುವ ರಬ್ಬರ್ ಪರದೆ ಹರಿದಿರುತ್ತದೆ. ಬಿಚ್ಚಿ ತೆಗೆಯಬಹುದಾದ ಹಳೆಯ ನಮೂನೆಯ ವಾಲ್ವ್ ಆಗಿದ್ದರೆ ಅಲ್ಲಾಡಿಸಿ ಕೇಳಿ. ಒಳಗಿನ ತುಂಡು ಕಟಕಟ ಎನ್ನಬೇಕು. ಇಂಟೇಕ್ ಕೊಳವೆಯ ಒಳಗೆ ಬೆರಳಾಡಿಸಿ, ತೆಳುವಾದ ಜಿಡ್ಡಿದ್ದರೆ ಚಿಂತೆಯಿಲ್ಲ, ಆಯಿಲ್ ನಿಂತಿದ್ದರೆ ದಾರಿ ಸಿಕ್ಕಂತೆಯೇ.

ಅನಂತರ ನಾಲ್ಕೂ ಪ್ಲಗ್ಗುಗಳನ್ನು ಬಿಚ್ಚಿ, ಸಿಲಿಂಡರಿನ ಕ್ರಮದಲ್ಲಿಯೇ ಸಾಲಾಗಿ ಇಟ್ಟು ಹೋಲಿಸಿ. ಆರೋಗ್ಯವಾಗಿರುವ ಪ್ಲಗ್ಗಿನ ತುದಿ ತಿಳಿ ಕಂದು ಅಥವಾ ಬೂದು ಬಣ್ಣಕ್ಕಿರುತ್ತದೆ. ಆಯಿಲ್ ಸುಡುತ್ತಿರುವಲ್ಲಿ ಒದ್ದೆಯಾದ ಕಪ್ಪು ಲೇಪ ಇರುತ್ತದೆ, ಇಲ್ಲವೇ ಉಗುರಿನಿಂದ ಕೆರೆದರೆ ಚಕ್ಕೆಯಾಗಿ ಏಳುವ ಬಿಳಿಬೂದಿಯ ಪದರ ಕಟ್ಟಿರುತ್ತದೆ. ಪ್ಲಗ್ಗಿನ ಮೇಲ್ಭಾಗದಲ್ಲಿ, ಅಂದರೆ ಪಿಂಗಾಣಿ ಮತ್ತು ತಿರುಪಿನ ಸುತ್ತುಗಳಿರುವಲ್ಲಿ ಆಯಿಲ್ ಇದ್ದರೆ ಅದು ಬೇರೆಯೇ ವಿಷಯ. ಟ್ಯಾಪೆಟ್ ಕವರಿನ ಗ್ಯಾಸ್ಕೆಟ್ ಅಥವಾ ಪ್ಲಗ್ ಕುಳಿಯ ಸೀಲ್ ಸೋರುತ್ತಿದೆ ಎಂದು ತಿಳಿಯಿರಿ. ಇವೆರಡನ್ನು ಗೊಂದಲ ಮಾಡಿಕೊಂಡು ರಿಂಗ್ ಬದಲಿಸಲು ಹೊರಟವರನ್ನು ಕಂಡಿದ್ದೇನೆ.

ಮೂರನೆಯ ಉತ್ತರ

ನೆಲದ ಮೇಲೆ ಹನಿ ಇಲ್ಲದಿದ್ದರೆ ಸೋರಿಕೆ ಇಲ್ಲ ಎಂದಾಗುವುದಿಲ್ಲ. ಕೆಲವು ಸೀಲುಗಳು ಇಂಜಿನ್ ಬಿಸಿಯಾಗಿ ವೇಗದಲ್ಲಿ ಓಡುವಾಗ ಮಾತ್ರ ಬಿಡುತ್ತವೆ. ಹೊರಬಂದ ಆಯಿಲ್ ಸೈಲೆನ್ಸರ್ ಕೊಳವೆಯ ಮೇಲೆ ಬಿದ್ದು ಸುಡುತ್ತದೆ, ಅಥವಾ ಗಾಳಿಗೆ ಹಿಂದಕ್ಕೆ ಹರಡಿ ಕಾರಿನ ತಳಕ್ಕೆ ಮೆತ್ತಿಕೊಳ್ಳುತ್ತದೆ. ಗೇರ್‌ಬಾಕ್ಸ್ ಸೇರುವಲ್ಲಿ, ಆಯಿಲ್ ಫಿಲ್ಟರಿನ ಸುತ್ತ, ಆಯಿಲ್ ಪ್ರೆಶರ್ ಸ್ವಿಚ್ಚಿನ ಬುಡದಲ್ಲಿ ಧೂಳು ಒದ್ದೆಯಾಗಿ ಕಟ್ಟಿಕೊಂಡಿದೆಯೇ ನೋಡಿ. ಇಂಜಿನ್ನಿನ ತಳವನ್ನು ತೊಳೆಸಿ ಒಣಗಿಸಿ, ಒಂದು ದೂರದ ಓಟದ ನಂತರ ಲಿಫ್ಟಿನ ಮೇಲೆ ಏರಿಸಿದರೆ ಹೊಸ ತೇವ ಎಲ್ಲಿಂದ ಶುರುವಾಗಿದೆ ಎಂಬುದು ತಿಳಿಯುತ್ತದೆ. ಅದರಲ್ಲೂ ಅನುಮಾನ ಉಳಿದರೆ ಆಯಿಲಿಗೆ ಬೆರೆಸಿ ನೇರಳಾತೀತ ಬೆಳಕಿನಲ್ಲಿ ನೋಡುವ ಬಣ್ಣ ದೊರೆಯುತ್ತದೆ. ಆಯಿಲ್ ಕೂಲಂಟಿಗೆ ಸೇರುವುದೂ ಉಂಟು; ರೇಡಿಯೇಟರಿನ ಡಬ್ಬದಲ್ಲಿ ಜಿಡ್ಡು ತೇಲುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ.

ನಾಲ್ಕನೆಯ ಉತ್ತರ

ನನ್ನ ಹಳೆಯ ಕಾರಿನಲ್ಲಿ ತೆಳುವಾದ ಆಯಿಲಿನಿಂದ ಒಂದು ಹಂತ ದಪ್ಪದ್ದಕ್ಕೆ ಬದಲಿಸಿದ ಮೇಲೆ ಖರ್ಚು ಗಮನಾರ್ಹವಾಗಿ ಇಳಿಯಿತು. ಕೈಪಿಡಿಯಲ್ಲಿ ಒಂದಕ್ಕಿಂತ ಹೆಚ್ಚು ಗ್ರೇಡುಗಳಿಗೆ ಅವಕಾಶವಿತ್ತು, ಆದ್ದರಿಂದ 5ಡಬ್ಲ್ಯೂ-30 ಬಿಟ್ಟು 5ಡಬ್ಲ್ಯೂ-40 ಹಾಕಿಸಿದೆ. ಗ್ರೇಡಿನಷ್ಟೇ ಮುಖ್ಯವಾದದ್ದು ಆಯಿಲ್ ಎಷ್ಟು ಬೇಗ ಆವಿಯಾಗುತ್ತದೆ ಎಂಬುದು. ನೊಆಕ್ ಎಂಬ ಪರೀಕ್ಷೆಯಲ್ಲಿ ಆಯಿಲನ್ನು 250 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಕಾಯಿಸಿ, ಎಷ್ಟು ಶೇಕಡಾ ತೂಕ ಕಳೆದುಹೋಯಿತು ಎಂದು ಅಳೆಯುತ್ತಾರೆ. ಆಯಿಲಿನ ತಾಂತ್ರಿಕ ವಿವರಪತ್ರದಲ್ಲಿ ಆ ಸಂಖ್ಯೆ ಇದ್ದರೆ, ಕಡಿಮೆ ಇರುವುದನ್ನು ಆರಿಸಿಕೊಳ್ಳಿ.

ಐದನೆಯ ಉತ್ತರ

ಮೇಲಿನವರ ಸಲಹೆ ತಪ್ಪಲ್ಲ, ಆದರೆ ಅದು ಪತ್ತೆ ಮುಗಿದ ಮೇಲಿನ ಮಾತು. ದಪ್ಪ ಆಯಿಲ್ ಹಾಕಿದಾಗ ಖರ್ಚು ಇಳಿದರೆ ರೋಗ ಹೋಯಿತೆಂದು ಅನಿಸುತ್ತದೆ, ಹಿಡಿದುಕೊಂಡ ರಿಂಗ್ ಹಾಗೆಯೇ ಇರುತ್ತದೆ. ಕೈಪಿಡಿ ಒಪ್ಪದ ಗ್ರೇಡ್ ಹಾಕಿದರೆ ಆಯಿಲಿನ ಒತ್ತಡದಿಂದಲೇ ಕೆಲಸ ಮಾಡುವ ವಾಲ್ವ್ ಟೈಮಿಂಗ್ ಬಿಡಿಭಾಗಗಳಿಗೂ ತೊಂದರೆಯಾಗಬಹುದು.

ಇದನ್ನು ಓದುವ ಡೀಸೆಲ್ ಅಥವಾ ಟರ್ಬೊ ಗಾಡಿಯವರಿಗೆ ಒಂದು ಮಾತು. ನಿಮ್ಮಲ್ಲಿ ಟರ್ಬೊ ಶಾಫ್ಟಿನ ಅಲುಗಾಟ, ಅದರಿಂದ ಆಯಿಲ್ ಮರಳುವ ಕೊಳವೆ ಕಟ್ಟಿಕೊಂಡಿರುವುದು ಮತ್ತು ಇಂಟರ್‌ಕೂಲರಿನ ಕೊಳವೆಗಳಲ್ಲಿ ನಿಂತ ಆಯಿಲ್, ಈ ಮೂರನ್ನೂ ನೋಡಲೇಬೇಕು. ಡೀಸೆಲ್ ಇಂಜಿನ್ ತನ್ನದೇ ಆಯಿಲನ್ನು ಇಂಧನವಾಗಿ ಎಳೆದುಕೊಂಡರೆ ಕೀ ತಿರುಗಿಸಿದರೂ ನಿಲ್ಲದೆ ವೇಗ ಏರಿಸಿಕೊಳ್ಳುತ್ತ ಹೋಗುವ ಅಪಾಯವಿದೆ, ಆದ್ದರಿಂದ ಅದನ್ನು ಮುಂದೂಡಬಾರದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಮುಚ್ಚಳದ ಬಾಯಿಗೆ ಕಾಗದ ಮೆಲ್ಲಗೆ ಅಂಟಿಕೊಂಡಿತು, ಪಿಸಿವಿ ವಾಲ್ವ್ ಕಟಕಟ ಎನ್ನುತ್ತದೆ, ಕೊಳವೆಯಲ್ಲಿ ಆಯಿಲ್ ನಿಂತಿಲ್ಲ. ತೊಳೆಸಿ ಓಡಿಸಿ ನೋಡಿದಾಗ ತಳ ಒಣಗಿಯೇ ಇತ್ತು. ಪ್ಲಗ್ಗುಗಳಲ್ಲಿ ಮೂರು ತಿಳಿಗಂದು. ಮೂರನೆಯ ಸಿಲಿಂಡರಿನ ಪ್ಲಗ್ಗಿನಲ್ಲಿ ಮಾತ್ರ ಬೂದು ಚಕ್ಕೆ ಕಟ್ಟಿದೆ. ನನ್ನ ಹಿಂದೆ ಇನ್ನೊಂದು ಕಾರಿನಲ್ಲಿ ಬರುತ್ತಿದ್ದ ಸ್ನೇಹಿತರ ಪ್ರಕಾರ ಬೆಳಗಿನ ಸ್ಟಾರ್ಟಿನಲ್ಲಿ ಹೊಗೆ ಬರುವುದಿಲ್ಲ, ಆದರೆ ಉದ್ದನೆಯ ಇಳಿಜಾರಿನಲ್ಲಿ ಎಕ್ಸಲರೇಟರ್ ಬಿಟ್ಟು ಇಳಿದು ಮತ್ತೆ ಒತ್ತಿದಾಗ ಒಮ್ಮೆ ತಿಳಿನೀಲಿ ಹೊಗೆ ಕಾಣಿಸಿತಂತೆ. ಹೀಗಿದ್ದರೆ ವಾಲ್ವ್ ಸೀಲೇ, ರಿಂಗೇ?

ಎರಡನೆಯ ಉತ್ತರ ಬರೆದವರಿಂದ

ಈಗ ಹುಡುಕುವ ಜಾಗ ಕಿರಿದಾಯಿತು. ನಿಮಗೆ ದಿನನಿತ್ಯ ಹೊಗೆ ಕಾಣದಿರುವುದಕ್ಕೆ ಕಾರಣ ಕ್ಯಾಟಲಿಟಿಕ್ ಕನ್ವರ್ಟರ್ ತೆಳುವಾದ ಹೊಗೆಯನ್ನು ಸುಟ್ಟುಬಿಡುವುದು. ಎಕ್ಸಲರೇಟರ್ ಬಿಟ್ಟು ಇಳಿಯುವಾಗ ಇಂಟೇಕಿನಲ್ಲಿಯೂ ಸಿಲಿಂಡರಿನಲ್ಲಿಯೂ ಸೆಳೆತ ಬಹಳ ಹೆಚ್ಚಿರುತ್ತದೆ. ಆಗ ಸಡಿಲವಾದ ವಾಲ್ವ್ ಸೀಲೂ ಆಯಿಲ್ ಬಿಡುತ್ತದೆ, ಹಿಡಿದುಕೊಂಡ ಆಯಿಲ್ ರಿಂಗೂ ಬಿಡುತ್ತದೆ. ಹಾಗಾಗಿ ಆ ಒಂದು ಲಕ್ಷಣದಿಂದ ತೀರ್ಪು ಕೊಡಲಾಗದು. ಆದರೆ ವಾಲ್ವ್ ಸೀಲುಗಳ ರಬ್ಬರ್ ಎಲ್ಲ ಸಿಲಿಂಡರುಗಳಲ್ಲಿಯೂ ಹೆಚ್ಚುಕಡಿಮೆ ಒಟ್ಟಿಗೇ ಗಟ್ಟಿಯಾಗುತ್ತದೆ, ಮತ್ತು ರಾತ್ರಿಯಿಡೀ ನಿಂತ ಕಾರಿನಲ್ಲಿ ಆಯಿಲ್ ಜಿನುಗಿ ಬೆಳಗಿನ ಸ್ಟಾರ್ಟಿನಲ್ಲಿಯೇ ಹೊಗೆಯಾಗಿ ಬರುತ್ತದೆ. ನಿಮ್ಮಲ್ಲಿ ಒಂದೇ ಸಿಲಿಂಡರ್ ಕೆಟ್ಟಿದೆ, ಬೆಳಗಿನ ಹೊಗೆಯೂ ಇಲ್ಲ. ನನ್ನ ಅನುಮಾನ ಮೂರನೆಯ ಪಿಸ್ಟನ್ನಿನ ಆಯಿಲ್ ರಿಂಗಿನ ಮೇಲೆಯೇ, ಆದರೂ ಅಲ್ಲಿನ ಒಂದು ಸೀಲ್ ಮಾತ್ರ ಕಳಚಿಕೊಂಡಿರುವ ಸಾಧ್ಯತೆಯನ್ನು ಪೂರ್ತಿ ತಳ್ಳಿಹಾಕಲಾರೆ.

ಪ್ಲಗ್ ರಂಧ್ರದ ಮೂಲಕ ಸಣ್ಣ ಕ್ಯಾಮೆರಾ ಇಳಿಸಿ ನೋಡಲು ಹೇಳಿ. ಪಿಸ್ಟನ್ನಿನ ಅಂಚಿನಲ್ಲಿ ಕಾರ್ಬನ್ ತೊಳೆದುಹೋಗಿ ಲೋಹ ಹೊಳೆಯುತ್ತಿದ್ದರೆ ಆಯಿಲ್ ಕೆಳಗಿನಿಂದ, ರಿಂಗುಗಳನ್ನು ದಾಟಿ ಬರುತ್ತಿದೆ. ವಾಲ್ವಿನ ಹಿಂಬದಿಯಲ್ಲಿ ಒದ್ದೆಯಾದ ದಪ್ಪ ಕಾರ್ಬನ್ ಇದ್ದರೆ ಮೇಲಿನಿಂದ ಬರುತ್ತಿದೆ. ಸಿಲಿಂಡರಿನ ಗೋಡೆಯಲ್ಲಿ ತಯಾರಿಸುವಾಗ ಎಳೆದ ಓರೆಗೆರೆಗಳು ಇನ್ನೂ ಕಾಣುತ್ತಿದ್ದರೆ ಬೋರ್ ಚೆನ್ನಾಗಿದೆ. ಮೇಲಿನಿಂದ ಕೆಳಗೆ ನೇರವಾಗಿ ಗೀರುಗಳಿದ್ದರೆ ಮಾತ್ರ ಇಂಜಿನ್ ಇಳಿಸುವ ಮಾತಿಗೆ ಬರೋಣ.

ಬೋರ್ ಚೆನ್ನಾಗಿದ್ದು ರಿಂಗ್ ಹಿಡಿದಿರುವ ಹಾಗೆ ಕಂಡರೆ ಪಿಸ್ಟನ್ನುಗಳ ಮೇಲೆ ಕಾರ್ಬನ್ ಕರಗಿಸುವ ದ್ರವವನ್ನು ಸುರಿದು ರಾತ್ರಿಯಿಡೀ ಬಿಡುವ ಪದ್ಧತಿಯಿದೆ. ಎಲ್ಲ ಇಂಜಿನ್ನುಗಳಲ್ಲಿಯೂ ಅದು ಫಲಿಸುವುದಿಲ್ಲ, ಫಲಿಸಿದಲ್ಲಿಯೂ ಪೂರ್ತಿ ಗುಣವಾಗುವುದು ಅಪರೂಪ. ಇಂಜಿನ್ ಇಳಿಸುವ ಖರ್ಚಿನ ಮುಂದೆ ಪ್ರಯತ್ನಿಸಲು ಯೋಗ್ಯವೆಂಬುದು ನನ್ನ ನಿಲುವು. ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬಾರದು: ಪ್ಲಗ್ಗುಗಳನ್ನು ಮತ್ತೆ ಹಾಕುವ ಮೊದಲು, ಇಂಧನವನ್ನೂ ಇಗ್ನಿಶನ್ನನ್ನೂ ತಪ್ಪಿಸಿ, ರಂಧ್ರಗಳ ಮೇಲೆ ಬಟ್ಟೆ ಮುಚ್ಚಿ, ಸೆಲ್ಫ್ ಹೊಡೆಸಿ ಉಳಿದ ದ್ರವವನ್ನೆಲ್ಲ ಹೊರಹಾಕಬೇಕು. ದ್ರವ ಒಳಗೆ ನಿಂತಿರುವಾಗ ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಕೆಳಗಿಳಿದ ದ್ರವ ಆಯಿಲಿಗೆ ಬೆರೆತಿರುವುದರಿಂದ ಸ್ಟಾರ್ಟ್ ಮಾಡುವ ಮೊದಲೇ ಆಯಿಲನ್ನೂ ಫಿಲ್ಟರನ್ನೂ ಬದಲಿಸಿ.

ಕ್ಯಾಮೆರಾ ವಾಲ್ವ್ ಕಡೆ ಬೆರಳು ತೋರಿಸಿದರೆ ಇನ್ನೂ ಸುಲಭ. ಸಿಲಿಂಡರಿನೊಳಗೆ ಗಾಳಿಯ ಒತ್ತಡ ಕೊಟ್ಟು ವಾಲ್ವ್ ಕೆಳಗೆ ಬೀಳದಂತೆ ಹಿಡಿದುಕೊಂಡು, ಹೆಡ್ ಬಿಚ್ಚದೆಯೇ ಸೀಲ್ ಬದಲಿಸುವುದು ಅನೇಕ ಇಂಜಿನ್ನುಗಳಲ್ಲಿ ಸಾಧ್ಯವಿದೆ.

ಅಲ್ಲಿಯವರೆಗೆ ಪ್ರತಿ ಸಲ ಪೆಟ್ರೋಲ್ ಹಾಕಿಸುವಾಗ ಕಡ್ಡಿ ನೋಡಿ. ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ಒತ್ತಡ ಬಿದ್ದಾಗ ಹೊತ್ತಿಕೊಳ್ಳುವಂಥದ್ದು, ಮಟ್ಟ ಇಳಿದಾಗ ಅಲ್ಲ. ಅದು ಹೊತ್ತಿಕೊಳ್ಳುವ ಹೊತ್ತಿಗೆ ಬೇರಿಂಗುಗಳು ಸವೆಯತೊಡಗಿರಬಹುದು. ಮತ್ತು ದ್ರವದ ಪ್ರಯೋಗ ಮಾಡಿದರೆ ಅದರ ನಂತರದ ಲೆಕ್ಕವನ್ನು ಹೊಸ ಆಯಿಲ್ ಹಾಕಿದ ದಿನದಿಂದಲೇ ಶುರುಮಾಡಿ, ಹಳೆಯದರೊಂದಿಗೆ ಸೇರಿಸಬೇಡಿ. ಸಡಿಲಗೊಂಡ ರಿಂಗ್ ಸರಿಯಾಗಿ ಕೂರಲು ಸ್ವಲ್ಪ ಓಟ ಬೇಕಾಗುತ್ತದೆ. ಕ್ಯಾಮೆರಾದ ಚಿತ್ರಗಳು ಸಿಕ್ಕರೆ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.